ಮೊದಲು ಬಾಗಿಲಿನ ಬಣ್ಣ, ಆಮೇಲೆ ಗೋಡೆಯದು

ಮನೆಗೆ ಬಣ್ಣ ಅಂದರೆ ಹೆಚ್ಚಿನವರು ಗೋಡೆಯಿಂದ ಶುರು ಮಾಡುತ್ತಾರೆ. ಬಾಗಿಲು, ಚೌಕಟ್ಟು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಎಲ್ಲ ಕೊನೆಗೆ. "ಅದಕ್ಕೇನು, ಯಾವುದಾದರೂ ಬಿಳಿ ಹೊಡೆದರಾಯಿತು" ಎಂದು ಬಿಡುತ್ತಾರೆ. ಈ ಸಲ ನಾನು ಉಲ್ಟಾ ಹೋದೆ. ಗೋಡೆಯ ಬಣ್ಣ ಕೋಣೆಗೊಂದು ಇರಬಹುದು, ಐದಾರು ವರ್ಷಕ್ಕೆ ಬದಲಾಗಬಹುದು. ಚೌಕಟ್ಟಿನ ಬಣ್ಣ ಮಾತ್ರ ಮನೆಯಿಡೀ ಒಂದೇ. ಅದು ಎಲ್ಲ ಗೋಡೆಗಳ ಜೊತೆಗೂ ಹೊಂದಬೇಕು, ಅಲ್ವಾ? ಹಾಗಿದ್ದ ಮೇಲೆ ಅದನ್ನೇ ಮೊದಲು ಗಟ್ಟಿ ಮಾಡಿಕೊಳ್ಳುವುದು ಸರಿ ಅನ್ನಿಸಿತು.

ನಾನು ಮೊದಲು ನೋಡಿದ್ದು ನೆಲವನ್ನು. ಸ್ಕರ್ಟಿಂಗ್ ಮತ್ತು ಚೌಕಟ್ಟು ನೆಲಕ್ಕೆ ಅಂಟಿಕೊಂಡೇ ಇರುತ್ತವೆ, ನೆಲವನ್ನಂತೂ ಸುಲಭಕ್ಕೆ ಬದಲಾಯಿಸಲು ಆಗುವುದಿಲ್ಲ. ನಮ್ಮ ನೆಲ ತಿಳಿ ಕಂದು, ಸ್ವಲ್ಪ ಹಳದಿ ಕಡೆ ವಾಲುವಂಥದ್ದು. ಅದರ ಮೇಲೆ ನೀಲಿ ಛಾಯೆಯ ಬಿಳಿ ಇಟ್ಟರೆ ಬಿಳಿ ಚುಚ್ಚುತ್ತದೆ, ನೆಲ ಕೊಳೆಯಾದ ಹಾಗೆ ಕಾಣುತ್ತದೆ. ಬೆಚ್ಚಗಿನ ಬಿಳಿ, ಅಂದರೆ ಹಳದಿ ಛಾಯೆಯದ್ದು ಇಟ್ಟರೆ ಎರಡೂ ಸುಮ್ನೆ ಹೊಂದಿಕೊಳ್ಳುತ್ತವೆ.

ಬಿಳಿಯಲ್ಲಿ ಹಳದಿ, ಬೂದು, ಹಸಿರು, ಗುಲಾಬಿ ಹೀಗೆ ಎಷ್ಟೋ ಛಾಯೆ ಅಡಗಿರುತ್ತದೆ. ಒಂದೇ ಬಣ್ಣದ ಚೀಟಿ ಕೈಯಲ್ಲಿ ಹಿಡಿದರೆ ಅದು ಗೊತ್ತಾಗುವುದೇ ಇಲ್ಲ. ನಾಲ್ಕಾರು ಬಿಳಿಗಳನ್ನು ಪಕ್ಕಪಕ್ಕ ಇಟ್ಟಾಗ ಒಂದೊಂದರ ಬಣ್ಣವೂ ಹೊರಗೆ ಬರುತ್ತದೆ. ಪ್ರಿಂಟರ್ ಕಾಗದವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಅದು ಬೆಳ್ಳಗೆ ಕಾಣಲೆಂದು ಸೇರಿಸಿದ ರಾಸಾಯನಿಕದಿಂದ ಹಗಲಲ್ಲಿ ಅದೇ ನೀಲಿ ಕಡೆ ವಾಲುತ್ತದೆ.

ಶೇಡ್ ಕಾರ್ಡಿನ ಸಣ್ಣ ಚೌಕ ನೋಡಿ ತೀರ್ಮಾನ ಮಾಡಲಿಲ್ಲ. ದಪ್ಪ ರಟ್ಟಿಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಚೌಕಟ್ಟಿನ ಪಕ್ಕ ನೆಟ್ಟಗೆ ನಿಲ್ಲಿಸಿದೆ. ಮೇಜಿನ ಮೇಲೆ ಮಲಗಿಸಿದರೆ ಬೆಳಕು ನೇರ ಮೇಲಿಂದ ಬೀಳುತ್ತದೆ, ಬಣ್ಣ ತಿಳಿಯಾಗಿ ಕಾಣುತ್ತದೆ. ಬಾಗಿಲು ನಿಂತಿರುವ ವಸ್ತು, ಆದ್ದರಿಂದ ರಟ್ಟೂ ನಿಂತಿರಬೇಕು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ಮೂರೂ ಹೊತ್ತು ನೋಡಿದೆ. 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬಿನ ಕೆಳಗೆ ಬೆಚ್ಚಗಿನ ಬಿಳಿ ಇನ್ನಷ್ಟು ಕೆನೆಬಣ್ಣಕ್ಕೆ ತಿರುಗುತ್ತದೆ. 6500 ಕೆಲ್ವಿನ್‌ನ ಬಿಳಿ ಬಲ್ಬಿನ ಕೆಳಗೆ ಬೂದು ಬಣ್ಣಗಳು ನೀಲಿ ಕಡೆ ವಾಲುತ್ತವೆ. ಹಾಗಾಗಿ ಬಲ್ಬ್ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ.

ಚೌಕಟ್ಟು, ಸ್ಕರ್ಟಿಂಗ್‌ಗೆ ಬೆಚ್ಚಗಿನ ಬಿಳಿ ನಿಂತಿತು. ಬಾಗಿಲಿನ ಹಲಗೆಗೆ ಮಾತ್ರ ಬೂದು ಬೆರೆತ ಗಾಢ ಹಸಿರು ಆರಿಸಿದೆ. ಇದನ್ನು ನಿರ್ಧರಿಸಿದ್ದು ಓಣಿಯಂಥ ನಡುಮನೆಯಲ್ಲಿ ನಿಂತು. ಅಲ್ಲಿಂದ ಎಲ್ಲ ಬಾಗಿಲೂ ಒಟ್ಟಿಗೆ ಕಾಣುತ್ತವೆ. ಕೋಣೆಯೊಳಗೆ ನಿಂತು ಆರಿಸಿದ ಬಣ್ಣ ಅಲ್ಲಿ ಐದು ಪಟ್ಟಾಗಿ ಎದುರಾಗುತ್ತದೆ. ಕಾರ್ಡಿನಲ್ಲಿ ಇಷ್ಟವಾಗಿದ್ದ ಹಸಿರಿಗಿಂತ ಇನ್ನೂ ಮಂಕಾದದ್ದನ್ನು ತೆಗೆದುಕೊಂಡೆ. ದೊಡ್ಡ ಹಲಗೆಯ ಮೇಲೆ ಬಣ್ಣ ಸಾಮಾನ್ಯವಾಗಿ ಜಾಸ್ತಿ ಎದ್ದು ಕಾಣುತ್ತದೆ.

ಬಾಗಿಲ ಎರಡು ಮುಖಕ್ಕೆ ಬೇರೆ ಬೇರೆ ಬಣ್ಣ ಬೇಕೆನ್ನುವವರಿಗೆ ಅಂಚಿನ ಪ್ರಶ್ನೆ ಬರುತ್ತದೆ. ಚಿಲಕವಿರುವ ಅಂಚಿಗೆ ಬಾಗಿಲು ಯಾವ ಕೋಣೆಯ ಒಳಕ್ಕೆ ತೆರೆಯುತ್ತದೋ ಆ ಕಡೆಯ ಬಣ್ಣ. ಕೀಲು ಇರುವ ಅಂಚಿಗೆ ಹೊರಗಿನ ಕಡೆಯದು. ಬಾಗಿಲು ತೆರೆದು ಎರಡೂ ಕಡೆ ನಿಂತು ನೋಡಿ, ಯಾಕೆ ಹೀಗೆ ಅಂತ ಕೂಡಲೇ ಹೊಳೆಯುತ್ತದೆ.

ಹೊಳಪನ್ನೂ ಬಣ್ಣದ ಜೊತೆಗೇ ಆರಿಸಬೇಕು, ನನ್ನ ಮಟ್ಟಿಗೆ ಇದು ಅಷ್ಟೇ ಮುಖ್ಯ. ಒಂದೇ ಬಣ್ಣ ಹೊಳಪಿಲ್ಲದ ಮ್ಯಾಟ್‌ನಲ್ಲಿ ಒಂದು ಥರ, ಪೂರ್ತಿ ಹೊಳೆಯುವ ಗ್ಲಾಸ್ ಪೇಂಟಿನಲ್ಲಿ ಇನ್ನೊಂದು ಥರ. ಹೊಳಪು ಹೆಚ್ಚಿದಷ್ಟೂ ಒರೆಸಲು ಸುಲಭ, ಆದರೆ ಪುಟ್ಟಿಯ ಉಬ್ಬುತಗ್ಗು, ಹಳೇ ಗೀರು ಎಲ್ಲ ಎದ್ದು ಕಾಣುತ್ತವೆ. ಗಾಢ ಬಣ್ಣದಲ್ಲಂತೂ ಬೆರಳಚ್ಚು ಕೂಡ. ಅದಕ್ಕೇ ಬಾಗಿಲಿಗೆ ಮೆಲು ಹೊಳಪಿನ ಸ್ಯಾಟಿನ್, ಒದೆತ ತಿನ್ನುವ ಸ್ಕರ್ಟಿಂಗ್‌ಗೆ ಅದಕ್ಕಿಂತ ಹೆಚ್ಚು ಹೊಳಪಿನ ಸೆಮಿ ಗ್ಲಾಸ್ ಇಟ್ಟೆ. ಎರಡೂ ನೀರಿನ ಪೇಂಟ್. ಎಣ್ಣೆ ಎನಾಮೆಲ್‌ನ ಬಿಳಿ ಕಾಲಕ್ರಮೇಣ ಹಳದಿಯಾಗುತ್ತದೆ, ಬೆಳಕು ಬೀಳದ ಮೂಲೆಗಳಲ್ಲಿ ಇನ್ನೂ ಬೇಗ. ಅಷ್ಟು ಹುಡುಕಿ ಆರಿಸಿದ ಬಿಳಿ ಬೇರೆಯೇ ಆಗಿಬಿಡುವುದು ನನಗೆ ಬೇಡವಾಗಿತ್ತು.

ಹಳೆಯ ಎನಾಮೆಲ್ ಮೇಲೆ ನೀರಿನ ಪೇಂಟ್ ನೇರವಾಗಿ ಹಿಡಿಯುವುದಿಲ್ಲ. ಉಜ್ಜಿ, ಅಂಟುವ ಪ್ರೈಮರ್ (ಪೇಂಟಿಗೆ ಮೊದಲು ಹೊಡೆಯುವ ತಳಪದರ) ಹಾಕಿಯೇ ಮುಂದೆ ಹೋಗಬೇಕು. ಗಾಢ ಹಸಿರಿಗೆ ಬೂದು ಬೆರೆಸಿದ ಪ್ರೈಮರ್ ಹಾಕಿದ್ದರಿಂದ ಕಡಿಮೆ ಕೋಟ್ ಸಾಕಾಯಿತು. ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಬಣ್ಣದ ಪುಡಿ ಜಾಸ್ತಿ ಇರುವ ಗಾಢ ಬಣ್ಣಕ್ಕೆ ಇನ್ನೂ ನಿಧಾನ. ಅಲ್ಲಿಯವರೆಗೆ ಬಾಗಿಲನ್ನು ಒತ್ತಿ ಮುಚ್ಚಿಟ್ಟರೆ ಹಸಿರು ಬಿಳಿ ಚೌಕಟ್ಟಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ರಾತ್ರಿ ಹೊತ್ತು ಎಲ್ಲ ಬಾಗಿಲನ್ನೂ ಸ್ವಲ್ಪ ತೆರೆದೇ ಇಡುತ್ತಿದ್ದೆವು.