ಊರು ಎರಡಾಗುವ ಮೊದಲು ಜನರ ಮನಸ್ಸು ತಿಳಿಯೋದು ಹೇಗೆ

ಮನೆ ಮನೆ ಸುತ್ತಿ ಸರ್ವೆ ಮಾಡಿದವನು ನಾನು. ಇವತ್ತೋ ನಾಳೆಯೋ ಅಂತರ್ಯುದ್ಧ ಹೊತ್ತಿಕೊಳ್ಳುವಂತಿರುವ ಊರಲ್ಲಿ "ನೀವು ಯಾರ ಕಡೆ?" ಅಂತ ಮಾತ್ರ ಕೇಳಬೇಡಿ. ಕೇಳುವವನೇ ಯಾರ ಕಡೆಯವನೋ ಗೊತ್ತಿಲ್ಲ, ನಿಜ ಯಾರು ಹೇಳುತ್ತಾರೆ?

ಒಮ್ಮೆ ಒಬ್ಬ ಹಿರಿಯರು ಬಾಗಿಲಲ್ಲೇ ನಿಂತು, "ಸರ್ಕಾರದ ಮೇಲೆ ಪೂರ್ತಿ ನಂಬಿಕೆ ಇದೆಯಪ್ಪಾ" ಅಂದರು. ಅವರ ಹಿಂದಿನ ಗೋಡೆಯಲ್ಲಿ ಬರೀ ಮೊಳೆಗಳು. ಫೋಟೋಗಳೆಲ್ಲ ಆಗಲೇ ಚೀಲ ಸೇರಿದ್ದವು. ನಾನು ಫಾರಂನಲ್ಲಿ 'ನಂಬಿಕೆ ಇದೆ' ಅಂತ ಟಿಕ್ ಹಾಕಿ ಬಂದೆ. ಎಂಥ ದಡ್ಡತನ!

ಅಂದಿನಿಂದ ದಿನದ ಬದುಕನ್ನೇ ಕೇಳುತ್ತೇನೆ. ಮಕ್ಕಳನ್ನು ಯಾವ ದಾರಿಯಲ್ಲಿ ಶಾಲೆಗೆ ಕಳಿಸುತ್ತೀರಿ? ರಾತ್ರಿ ಗಲಾಟೆಯಾದರೆ ಮೊದಲು ಯಾರನ್ನು ಕರೆಯುತ್ತೀರಿ, ಪೊಲೀಸರನ್ನೋ, ಬೀದಿಯ ಹುಡುಗರನ್ನೋ?

ನೇರವಾಗಿ ಅಳೆಯಲೇಬೇಕಾದರೆ ಪಟ್ಟಿಯ ಉಪಾಯ ಇದೆ. ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದಕ್ಕೆ ನೀರು, ಬಸ್ಸು, ಬೆಲೆ ಇಂಥ 4 ಸಾದಾ ಮಾತು ಓದಿ. ಇನ್ನೊಂದಕ್ಕೆ ಅವೇ 4, ಜೊತೆಗೆ "ಬಂಡಾಯಗಾರರು ಗೆದ್ದರೆ ಒಳ್ಳೆಯದು" ಅನ್ನುವ ಐದನೆಯದು. ಯಾವುದಕ್ಕೆ ಒಪ್ಪಿಗೆ ಅಂತ ಹೇಳೋದು ಬೇಡ, ಎಷ್ಟಕ್ಕೆ ಅಂತ ಸಂಖ್ಯೆ ಹೇಳಿದರೆ ಸಾಕು. ಸರಾಸರಿ ಮೊದಲ ಗುಂಪಲ್ಲಿ 1.8, ಎರಡನೆಯದರಲ್ಲಿ 2.1 ಬಂತು ಅನ್ನಿ. ಆ 0.3 ಅಂದರೆ ಸುಮಾರು 100ಕ್ಕೆ 30 ಜನ ಐದನೆಯ ಮಾತಿಗೆ ಒಪ್ಪಿದ್ದಾರೆ ಅಂತ. ಒಂದೊಂದು ಗುಂಪಲ್ಲೂ ನೂರಾರು ಜನ ಇಲ್ಲದಿದ್ದರೆ ಸುಮ್ನೆ ಲೆಕ್ಕ ಹಾಕಬೇಡಿ.

ಬಾರದವರನ್ನೂ ಎಣಿಸಿ. ಬೋಸ್ನಿಯಾದಲ್ಲಿ 1992ರ ಫೆಬ್ರವರಿ 29 ಮತ್ತು ಮಾರ್ಚ್ 1ರಂದು ಯುಗೊಸ್ಲಾವಿಯಾದಿಂದ ಸ್ವಾತಂತ್ರ್ಯಕ್ಕಾಗಿ ಜನಮತ ನಡೆಯಿತು. ಮತ ಹಾಕಿದವರಲ್ಲಿ 99%ಕ್ಕಿಂತ ಜಾಸ್ತಿ ಜನ 'ಹೌದು' ಅಂದರು. ಆದರೆ ಅಲ್ಲಿನ ದೊಡ್ಡ ಸಮುದಾಯಗಳಲ್ಲೊಂದಾದ ಸರ್ಬರಲ್ಲಿ ಹೆಚ್ಚಿನವರು ಮತಗಟ್ಟೆಗೇ ಬರಲಿಲ್ಲ. ಅದರ ಬೆನ್ನಿಗೇ ರಾಜಧಾನಿ ಸರಯೇವೋದ ಬೀದಿಗಳಲ್ಲಿ ತಡೆಗೋಡೆಗಳು ಎದ್ದವು.

ಬಂದೂಕು ಇರುವವರ ಲೆಕ್ಕ ಬೇರೆಯೇ ಇರಲಿ. 1936ರ ಜುಲೈ 19ರಂದು ಸ್ಪೇನ್‌ನ ಬಾರ್ಸಿಲೋನಾದಲ್ಲಿ ಸೇನೆ ದಂಗೆ ಎದ್ದಿತು. ಸಿವಿಲ್ ಗಾರ್ಡ್ ಅನ್ನುವ ಸಶಸ್ತ್ರ ಪೊಲೀಸ್ ಪಡೆ ಸರ್ಕಾರದ ಕಡೆ ನಿಂತಿತು, ಅಲ್ಲಿ ದಂಗೆ ಸೋತಿತು.

ಹೆಸರು, ಮನೆ ನಂಬರ್ ಎಲ್ಲೂ ಬರೆಯಬೇಡಿ. ಆ ಹಾಳೆ ಯಾರ ಕೈಗಾದರೂ ಸಿಕ್ಕರೆ ಕೊಲ್ಲುವವರಿಗೆ ವಿಳಾಸ ಕೊಟ್ಟ ಹಾಗೆ, ಅಲ್ವಾ? ನಾನು ಬಡಾವಣೆಯ ಒಟ್ಟು ಅಂಕಿ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಅದೇ ಸಂಜೆ ಒಲೆಗೆ ಹಾಕುತ್ತಿದ್ದೆ.