ರೂಟ್ ಕೂಡುವ ಮೊದಲು ಬಿಚ್ಚಿ ನೋಡಿ

ಮಂಡ್ಯದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಒಂಬತ್ತನೇ ಕ್ಲಾಸಿನ ಮಕ್ಕಳು ಲೆಕ್ಕಕ್ಕೆ ಕೂರುತ್ತಾರೆ. √50 + √72 ಕೊಟ್ಟರೆ ಅರ್ಧಕ್ಕರ್ಧ ಮಂದಿ ಸುಮ್ನೆ √122 ಅಂತ ಬರೆದುಬಿಡುತ್ತಾರೆ. ಬೈದು ಪ್ರಯೋಜನವಿಲ್ಲ. ನಾನು ಒಂದು ಸೈಟಿನ ಚಿತ್ರ ಬರೆಯುತ್ತೇನೆ.

30–40 ಸೈಟು. ಎರಡು ಬದಿ ಹಿಡಿದು ನಡೆದರೆ 70 ಅಡಿ. ಮೂಲೆಯಿಂದ ಮೂಲೆಗೆ ಅಡ್ಡ ಹಾಯ್ದರೆ 50 ಅಡಿ. ಮೇಸ್ತ್ರಿಗಳು ಪಾಯದ ಮೂಲೆ ಸರಿಯಿದೆಯಾ ಅಂತ ನೋಡುವುದೂ ಈ ಅಡ್ಡ ಅಳತೆ ಹಿಡಿದೇ. 30ರ ವರ್ಗ 900, 40ರ ವರ್ಗ 1600. ಹಾಗಾಗಿ √900 + √1600 ಅಂದರೆ 70, √(900 + 1600) ಅಂದರೆ 50. ಎರಡೂ ಒಂದೇ ಅಲ್ಲ, ಅಲ್ವಾ?

ಹಾಗಾಗಿ ಮೊದಲು ಒಂದೊಂದು ರೂಟನ್ನೂ ಬೇರೆಬೇರೆಯಾಗಿ ಬಿಚ್ಚಬೇಕು. ಎಡವುವುದೆಲ್ಲ ಇಲ್ಲೇ. ಒಳಗಿನ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಪೂರ್ಣವರ್ಗ ಹುಡುಕಿ: 4, 9, 16, 25, 36, ಹೀಗೆ. 50 ಅಂದರೆ 25 × 2. ಆ 25 ಹೊರಗೆ ಬರುವಾಗ 5 ಆಗಿ ಬರುತ್ತದೆ. ಉತ್ತರ 5√2. 25√2 ಅಂತ ಬರೆಯುವವರೂ ಇದ್ದಾರೆ!

72ರಲ್ಲಿ 9 × 8 ಕಂಡ ಕೂಡಲೇ 3√8 ಬರೆದು ಪೆನ್ನು ಕೆಳಗಿಡುತ್ತಾರೆ. ತಪ್ಪಲ್ಲ, ಆದರೆ ಅರ್ಧ ಕೆಲಸ. 8ರೊಳಗೆ ಇನ್ನೊಂದು 4 ಕೂತಿದೆ. ಅದು 2 ಆಗಿ ಹೊರಬಂದು 3ನ್ನು ಗುಣಿಸುತ್ತದೆ, ಕೂಡಿಕೊಳ್ಳುವುದಿಲ್ಲ. ಅಂದರೆ 6√2. ದೊಡ್ಡ ವರ್ಗದಿಂದಲೇ ಶುರು ಮಾಡಿದ್ದರೆ 36 × 2 ಒಂದೇ ಏಟಿಗೆ ಸಿಗುತ್ತಿತ್ತು. ನನ್ನ ಮಕ್ಕಳಿಗೆ ನಾನು ಹೇಳುವುದು ಇದನ್ನೇ.

ಹೊಳೆಯದಿದ್ದರೆ ಅವಿಭಾಜ್ಯ ಅಪವರ್ತನ ಬಿಡಿಸಿ. 588 ಅಂದರೆ 2 × 2 × 3 × 7 × 7. ಜೋಡಿಗೆ ಒಂದರಂತೆ ಹೊರಗೆ, ಒಂಟಿ ಒಳಗೆ: 14√3. ಪುಟ ಜಾಸ್ತಿ ತಿನ್ನುತ್ತದೆ, ಅದಕ್ಕೇ ಚಿಕ್ಕ ಸಂಖ್ಯೆಗೆ ನಾನು ಬಳಸುವುದಿಲ್ಲ.

ಹುಡುಗನೊಬ್ಬ ತಂದ ಗೈಡಿನಲ್ಲಿ 3√8 + 5√2 ವರೆಗೆ ಬಂದು ‘ಕೂಡಲು ಬರುವುದಿಲ್ಲ’ ಅಂತ ಅಚ್ಚು ಹಾಕಿದ್ದರು. ಅದನ್ನು ರದ್ದಿಗೆ ಹಾಕಿಸಿದೆ.

ಇನ್ನು ಕೂಡುವುದು. ಐದು ಹೊರೆ ಕಬ್ಬಿಗೆ ಆರು ಹೊರೆ ಸೇರಿದರೆ ಹನ್ನೊಂದು ಹೊರೆ. 5√2 + 6√2 = 11√2. ಒಳಗಿನ 2 ಅಲುಗಬಾರದು. ಒಳಗಿನ ಸಂಖ್ಯೆ ಬೇರೆ ಇದ್ದರೆ, 5√2 + √3 ಥರ, ಹಾಗೇ ಬಿಡಿ.

ತಾಳೆ ನೋಡಲು ಕ್ಯಾಲ್ಕುಲೇಟರ್ ಬೇಡ, ಮಗ್ಗಿ ಸಾಕು. ಏಳೇಳ್ಲಿ 49, ಹಾಗಾಗಿ √50 ಏಳರ ಮೇಲೆ. ಎಂಟೆಂಟ್ಲಿ 64, √72 ಎಂಟರ ಮೇಲೆ. ಮೊತ್ತ 15 ದಾಟಲೇಬೇಕು. √122 ಹನ್ನೆರಡನ್ನೂ ಮುಟ್ಟುವುದಿಲ್ಲ.