ಕಂಪ್ಯೂಟರ್ ಈಗಲೇ ಕೊಳ್ಳಬೇಕೇ, ಕಾಯಬೇಕೇ? ಮಾರುಕಟ್ಟೆಯನ್ನು ಹೀಗೆ ಓದಿ

2025ರ ಡಿಸೆಂಬರಿನಲ್ಲಿ ಮಗಳ ಓದಿಗೆಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರಿಗೆ ಕೊಟೇಶನ್ ಬರೆಸಿದ್ದೆ. ಮೂರು ದಿನ ಬಿಟ್ಟು ಹೋದರೆ ಅಂಗಡಿಯವರು ಅದೇ ಚೀಟಿ ಬಿಡಿಸಿಟ್ಟುಕೊಂಡು, ಪ್ರೊಸೆಸರ್, ಮದರ್‌ಬೋರ್ಡ್, ಕ್ಯಾಬಿನೆಟ್ ಎಲ್ಲವನ್ನೂ ಹಾಗೇ ಬಿಟ್ಟು, ರ್‍ಯಾಮ್ (ಕಂಪ್ಯೂಟರಿನ ಮೆಮೊರಿ) ಇದ್ದ ಸಾಲಿಗೆ ಮಾತ್ರ ಗೀಟು ಹಾಕಿ ಹೆಚ್ಚಿನ ಹೊಸ ರೇಟು ಬರೆದರು. ‘ಇವತ್ತಿನ ರೇಟು ಇವತ್ತಿಗೆ ಸರ್, ನಾಳೆಗೆ ಹೇಳಕ್ಕಾಗಲ್ಲ’ ಎಂದರು.

ಮಾರುಕಟ್ಟೆ ಎತ್ತ ಹೊರಟಿದೆ ಎಂದು ತಿಳಿಯಲು ಮೊದಲು ನೋಡಬೇಕಾದ್ದು ಆ ಸಾಲನ್ನೇ.

ಮೊದಲು ಮೆಮೊರಿ ನೋಡಿ

ಜಗತ್ತಿನಲ್ಲಿ ರ್‍ಯಾಮ್ ಮಾಡಲು ಬಳಸುವ ಡಿ-ರ್‍ಯಾಮ್ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ಮೂರೇ ಕಂಪನಿಗಳಲ್ಲಿ: ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾಗುವುದು ಎಚ್‌ಬಿಎಂ ಎಂಬ ಮೆಮೊರಿ. ಚಿಪ್‌ಗಳನ್ನು ದೋಸೆಯಂತೆ ಒಂದರ ಮೇಲೊಂದು ಪೇರಿಸಿ ಇದನ್ನು ಮಾಡುತ್ತಾರೆ. ಒಂದು ಜಿಬಿ ಎಚ್‌ಬಿಎಂಗೆ ಹಿಡಿಯುವ ಸಿಲಿಕಾನ್ ಬಿಲ್ಲೆಯ (ಚಿಪ್‌ಗಳನ್ನು ರೂಪಿಸುವ ತೆಳು ತಟ್ಟೆ) ಜಾಗದಲ್ಲಿ ಸುಮಾರು ಮೂರು ಜಿಬಿ ಡಿಡಿಆರ್5, ಅಂದರೆ ಈಗಿನ ಕಂಪ್ಯೂಟರ್‌ಗಳ ರ್‍ಯಾಮ್, ತಯಾರಿಸಬಹುದು. ಲಾಭ ಎಚ್‌ಬಿಎಂನಲ್ಲೇ ಹೆಚ್ಚು, ಹಾಗಾಗಿ ಕಾರ್ಖಾನೆಗಳು ಅತ್ತ ವಾಲಿವೆ. ಮನೆಬಳಕೆಯ ರ್‍ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರದಿಂದಲೇ ಹೊರಬರುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಘೋಷಿಸಿತು. ನನ್ನಂಥ ಗ್ರಾಹಕ ಸರದಿಯಲ್ಲಿ ಎಷ್ಟು ಹಿಂದೆ ಬಿದ್ದಿದ್ದಾನೆ ಎಂಬುದಕ್ಕೆ ಇನ್ನೇನು ಬೇಕು?

ಹಳೆಯ ಡಿಡಿಆರ್4 ಅಗ್ಗಕ್ಕೆ ಸಿಕ್ಕೀತು ಎಂದುಕೊಳ್ಳಬೇಡಿ. ಅದರ ತಯಾರಿಕೆಯನ್ನು ಕಂಪನಿಗಳು ಇಳಿಸುತ್ತ ಬಂದಿದ್ದರಿಂದ 2025ರಲ್ಲಿ ಅದೂ ಏರಿತು.

ಏರಿಕೆ ಯಾವ ಜಾತಿಯದು ಎಂದು ಕೇಳಿ

2011ರಲ್ಲಿ ಥಾಯ್ಲೆಂಡಿನ ನೆರೆ ಹಾರ್ಡ್ ಡಿಸ್ಕ್ ಕಾರ್ಖಾನೆಗಳಿಗೆ ನುಗ್ಗಿ ಬೆಲೆ ಗಗನಕ್ಕೇರಿತ್ತು. ಅದು ಅವಘಡದ ಏರಿಕೆ. ಯಂತ್ರಗಳು ಮತ್ತೆ ಓಡತೊಡಗಿದ ಮೇಲೆ ಕ್ರಮೇಣ ಇಳಿಯಿತು. ಈಗಿನದು ಬೇಡಿಕೆಯೇ ದಿಕ್ಕು ಬದಲಿಸಿದ್ದರಿಂದ ಬಂದದ್ದು. ಹೊಸ ಚಿಪ್ ಕಾರ್ಖಾನೆ ಕಟ್ಟಿ ಮಾಲು ಹೊರಬರಲು ವರ್ಷಗಳೇ ಬೇಕು. ಆದ್ದರಿಂದ ಮುಂದಿನ ದೀಪಾವಳಿ ಸೇಲಿಗೆ ಇಳಿಯುತ್ತದೆಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ.

ಹಾಗೆಂದು ಇದೇ ಶಾಶ್ವತವೂ ಅಲ್ಲ. 2023ರಲ್ಲಿ ಇದೇ ಕಂಪನಿಗಳು ಮೆಮೊರಿ ಕೊಳ್ಳುವವರಿಲ್ಲದೆ ಉತ್ಪಾದನೆ ಕಡಿತ ಮಾಡಿದ್ದವು. ಮೆಮೊರಿ ಮೊದಲಿನಿಂದಲೂ ಏರಿಳಿತದ ವ್ಯಾಪಾರ.

ರೂಪಾಯಿಯ ಮೇಲೂ ಕಣ್ಣಿರಲಿ

ಬಿಡಿಭಾಗಗಳೆಲ್ಲ ಹೆಚ್ಚುಕಡಿಮೆ ಡಾಲರಿನಲ್ಲೇ ಬರುತ್ತವೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದರ ಮೇಲೆ 18% ಜಿಎಸ್‌ಟಿ. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಘಟಕವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ನಡೆಯುವುದು ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ. ಬಿಲ್ಲೆಗಳು ಹೊರಗಿನಿಂದಲೇ ಬರಬೇಕು.

ನಿಮ್ಮ ಅಗತ್ಯಕ್ಕೆ ಗಡುವಿದೆಯೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೂ ಅದನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಬ್ರೌಸಿಂಗ್, ಟೈಪಿಂಗ್, ಆನ್‌ಲೈನ್ ಪಾಠಕ್ಕೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಬರುತ್ತದೆ. ಕಾಯಬಲ್ಲವರು ಹೀಗೆ ಕಾಯಿರಿ. ಕಾಲೇಜು, ಕೆಲಸ ಎಂದು ಕಾಯಲಾಗದವರು ತಡಮಾಡಬೇಡಿ.

ಕೊಳ್ಳುವಾಗ

ಲ್ಯಾಪ್‌ಟಾಪ್ ಆದರೆ ಅಂಗಡಿಯಲ್ಲಿ ಈಗಾಗಲೇ ಬಂದು ಕೂತಿರುವ ಹಳೆ ಸ್ಟಾಕ್ ಕೇಳಿ. ಬಿಡಿ ರ್‍ಯಾಮ್ ಬೆಲೆ ಏರಿದಷ್ಟು ಬೇಗ ಅವುಗಳ ಬೆಲೆ ಏರುವುದಿಲ್ಲ, ಏಕೆಂದರೆ ಅದರೊಳಗಿನ ಮೆಮೊರಿ ಹಿಂದಿನ ದರದ್ದು. ಜೊತೆಗೆ ಇದೊಂದನ್ನು ಕೇಳದೆ ದುಡ್ಡು ಕೊಡಬೇಡಿ: ‘ರ್‍ಯಾಮ್ ಬೋರ್ಡಿಗೇ ಬೆಸೆದಿದೆಯೋ, ಸ್ಲಾಟ್ ಇದೆಯೋ?’ ತೆಳ್ಳನೆಯ ಎಷ್ಟೋ ಮಾದರಿಗಳಲ್ಲಿ ಬೆಸೆದೇ ಬಿಟ್ಟಿರುತ್ತಾರೆ. ಆಮೇಲೆ ಹೆಚ್ಚಿಸಲು ದಾರಿಯೇ ಇಲ್ಲ.

ಜೋಡಿಸುವ ಕಂಪ್ಯೂಟರಾದರೆ ಲೆಕ್ಕ ಬೇರೆ. ರ್‍ಯಾಮಿನ ಎರಡು ಕಡ್ಡಿ ಹಾಕಿದರೆ ವೇಗ ಹೆಚ್ಚು, ನಿಜ. ಆದರೂ ಈ ದರದಲ್ಲಿ ಒಂದೇ ಕಡ್ಡಿ ಹಾಕಿ, ದರ ಇಳಿದಾಗ ತುಂಬಲು ಇನ್ನೊಂದು ಸ್ಲಾಟ್ ಖಾಲಿ ಬಿಡುವುದು ಮೇಲು. ಸೆಕೆಂಡ್‌ಹ್ಯಾಂಡ್ ಕಡ್ಡಿ ಕೊಂಡರೆ ಕೈಯಲ್ಲಿ ಹಿಡಿದು ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಸಾಲು ನೋಡಿ. ಗೀರು, ಕಪ್ಪು ಕಲೆ ಇದ್ದರೆ ಬಿಡಿ. ನಡುವಿನ ಕಚ್ಚು ಡಿಡಿಆರ್4ರಲ್ಲಿ ಒಂದು ಕಡೆ, ಡಿಡಿಆರ್5ರಲ್ಲಿ ಇನ್ನೊಂದು ಕಡೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಮನೆಗೆ ತಂದ ಮೇಲೆ ಮೆಮೊರಿ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್ ಹಾಕಿ ಒಂದು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಬೆಳಿಗ್ಗೆಯೇ ವಾಪಸ್ ಕೊಡಿ.

ಕೊಟೇಶನ್ ಎಂದಿನವರೆಗೆ ನಡೆಯುತ್ತದೆ ಎಂಬ ತಾರೀಖನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ರ್‍ಯಾಮಿನ ಸೀರಿಯಲ್ ನಂಬರ್ ಇರಲಿ.

ನಾನು ಅವತ್ತು ಹೊಸ ರೇಟಿಗೇ 16 ಜಿಬಿಯ ಒಂದು ಕಡ್ಡಿ ಕೊಂಡೆ. ಅದರ ಪಕ್ಕದ ಸ್ಲಾಟ್ ಇನ್ನೂ ಖಾಲಿ ಇದೆ.